ದಾದರ್ ಬರುವ ಮೊದಲೇ ಎದ್ದವರು

ನಮ್ಮ ದೋಣಿಯಲ್ಲಿ ಮೊಟ್ಟಮೊದಲು ಕುಳಿತದ್ದು ಒಂಬತ್ತು ನೀರಿನ ಕ್ಯಾನ್‌ಗಳು. ಒಂದೊಂದೂ ಇಪ್ಪತ್ತು ಲೀಟರಿನದು, ಮುಚ್ಚಳದವರೆಗೆ ತುಂಬಿದ್ದು.

ನಾಲ್ಕು ಮುಂದಿನ ಹಲಗೆಯ ಹತ್ತಿರ, ಐದು ಹಿಂದೆ. ದೋಣಿಯನ್ನು ಜೆಟ್ಟಿಗೆ ಕಟ್ಟಿದ್ದೆವು. ನಾನು ಬಗ್ಗಿ ಸ್ಕೇಲ್ ಇಟ್ಟು ಅಳೆದೆ. ನೀರಿನಿಂದ ದೋಣಿಯ ಅಂಚಿಗೆ ಮುಂದೆ ಹನ್ನೊಂದು ಇಂಚು, ಹಿಂದೆ ಒಂಬತ್ತೂವರೆ. ಕಾಗದದ ಮೇಲೆ ಹಾಕಿದ್ದ ಲೆಕ್ಕಕ್ಕೂ ಇದಕ್ಕೂ ಕಾಲು ಇಂಚಿನ ವ್ಯತ್ಯಾಸ. ಅರ್ಧ ಗಂಟೆ ಕಾದೆ. ಒಳಗೆ ಒಂದು ಹನಿ ನೀರು ಬಂದಿರಲಿಲ್ಲ.

"ಕ್ಯಾನಿಗೆ ಇರುವ ಮರ್ಯಾದೆ ನನಗಿಲ್ಲ ಅಲ್ವಾ?" ಎಂದರು ಅಪ್ಪ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, ಅವರು ತಯಾರಾಗಿ ನಿಂತು ಮುಕ್ಕಾಲು ಗಂಟೆಯಾಗಿತ್ತು.

"ಕ್ಯಾನ್ ಮುಳುಗಿದರೆ ಅಮ್ಮ ಬೈಯುವುದಿಲ್ಲ," ಎಂದೆ.

ಈ ಅಂಕಣಕ್ಕೆ ನಾನು ಮನೆಯವರನ್ನು ಕರೆತರುವುದು ಕಡಿಮೆ. ನಿಮಗೆ ಗೊತ್ತು. ಇದನ್ನು ಅಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ. (ಅಮ್ಮನನ್ನು ಕೇಳಿಲ್ಲ. ಕಾರಣ ಮುಂದೆ ತಿಳಿಯುತ್ತದೆ.)

ಅಪ್ಪ ಮೂವತ್ತನಾಲ್ಕು ವರ್ಷ ಮುಂಬಯಿಯ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಬ್ಯಾಂಕಿನವರು, ಕೋರ್ಟಿನವರು, ವಕೀಲರ ಗುಮಾಸ್ತರು, ಎಲ್ಲರ ಹೆಸರೂ ಅವರು ಕುಡಿಯುವ ಕಾಫಿಯೂ ಅಪ್ಪನಿಗೆ ನೆನಪಿತ್ತು. ಕೆಲಸ ಬಿಟ್ಟ ಮೇಲೆ ಘಾಟ್ಕೋಪರ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ವರ್ಷ ಕೂತರು. ಕಾಯಿಲೆ ಏನಿರಲಿಲ್ಲ. ಮಾತು ಮಾತ್ರ ನಿಂತುಹೋಯಿತು. ಊಟಕ್ಕೆ ಕರೆದರೆ "ಹಾಂ". ಟೀವಿ ಹಾಕಲಾ ಎಂದರೆ "ಬೇಡ". ದಿನಕ್ಕೆ ಎಷ್ಟು ಮಾತಾಡುತ್ತಾರೆ ಎಂದು ನಾನು ಎಣಿಸತೊಡಗಿದ್ದೆ. (ಎಣಿಸುವುದು ನನ್ನ ಚಟ.) ಒಂದು ದಿನ ಲೆಕ್ಕ ಹನ್ನೊಂದು ಶಬ್ದಕ್ಕೆ ನಿಂತಿತು.

ದೋಣಿ ಶುರುವಾದದ್ದು ಅಪ್ಪನಿಗಾಗಿ ಅಲ್ಲ, ಸುಳ್ಳು ಹೇಳುವುದಿಲ್ಲ. ನಾನು ದಾದರ್‌ನ ಒಂದು ಆಫೀಸಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಇಡೀ ವಾರ ಕದಲದ ವಸ್ತುಗಳ ನಕ್ಷೆ ಬರೆಯುತ್ತೇನೆ. ಒಂದಾದರೂ ಕದಲುವಂಥದ್ದನ್ನು ಕೈಯಾರೆ ಮಾಡಬೇಕು ಎನ್ನಿಸಿತು. ನೀರಿಗೆ ಹಾಳಾಗದ ಪ್ಲೈವುಡ್ ತರಿಸಿದೆ. ಹನ್ನೆರಡು ಅಡಿ ಉದ್ದದ, ತಳ ಚಪ್ಪಟೆಯಾದ ದೋಣಿ. ನಮಗೆ ಕಾರಿಲ್ಲ, ಆದರೆ ಬಿಲ್ಡಿಂಗ್‌ನಲ್ಲಿ ಪಾರ್ಕಿಂಗ್ ಜಾಗವಿದೆ. ಅಲ್ಲಿಯೇ ಕೆಲಸ.

ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಕೆಳಗಿಳಿದು ಬಂದರು, ಪಾರ್ಕಿಂಗ್ ಇರುವುದು ಗಾಡಿಗೆ ಎಂದು ನೆನಪಿಸಲು. "ಬೇಟಾ, ಪಾರ್ಕಿಂಗ್ ಗಾಡಿ ಕೇ ಲಿಯೇ ಹೈ."

"ಇಸ್ ಮೇ ಭೀ ಇಂಜಿನ್ ಲಗೇಗಾ, ಅಂಕಲ್," ಎಂದೆ. ಇದಕ್ಕೂ ಇಂಜಿನ್ ಬರುತ್ತದೆ ಎಂದು.

ಅವರು ನಿಯಮಗಳ ಪುಸ್ತಕ ನೋಡಲು ಹೋದವರು ಮತ್ತೆ ಬರಲಿಲ್ಲ.

ಮೂರನೇ ಭಾನುವಾರ ಅಪ್ಪ ಸ್ಟೂಲ್ ತೆಗೆದುಕೊಂಡು ಕೆಳಗೆ ಬಂದರು. ಸುಮ್ಮನೆ ನೋಡಿದರು. ನಾಲ್ಕನೇ ಭಾನುವಾರ ಹಲಗೆಯ ಇನ್ನೊಂದು ತುದಿ ಹಿಡಿದರು. ಆರನೇ ಭಾನುವಾರ ನನಗೆ ಬೈದರು. ಹಲಗೆಗಳ ಸಂದಿಗೆ ಹಚ್ಚುವ ಅಂಟು ಎರಡು ದ್ರವ ಬೆರೆಸಿ ಮಾಡುವಂಥದ್ದು. ಮುಂಬಯಿಯ ಸೆಕೆಗೆ ಹತ್ತೇ ನಿಮಿಷದಲ್ಲಿ ಬಟ್ಟಲಿನಲ್ಲೇ ಗಟ್ಟಿಯಾಗುತ್ತದೆ. ನಾನು ಥರ್ಮಾಮೀಟರ್ ತಂದಿದ್ದೆ. ಅಪ್ಪ ಬಟ್ಟಲಿನ ತಳಕ್ಕೆ ಬೆರಳ ಹಿಂಬದಿ ತಾಗಿಸಿ, "ಆಯ್ತು, ಇನ್ನು ಹಚ್ಚಬೇಡ, ಎಂತ ಮಾಡ್ತಿದ್ದೀ ಮಾರಾಯ್ತಿ!" ಎಂದರು. ಅವರ ಕೈ ಒಮ್ಮೆಯೂ ತಪ್ಪಲಿಲ್ಲ. ಥರ್ಮಾಮೀಟರ್ ಎರಡು ಸಲ ತಪ್ಪಿತು.

ಆ ದಿನ ನಾನು ಮಾತು ಎಣಿಸುವುದನ್ನು ಬಿಟ್ಟೆ.

ಒಂಬತ್ತು ತಿಂಗಳು ಹಿಡಿಯಿತು. ಬಣ್ಣ ಆಯಿತು, ಐದು ಹಾರ್ಸ್‌ಪವರ್‌ನ ಹಳೆಯ ಇಂಜಿನ್ ಸಿಕ್ಕಿತು, ಕಾಗದಪತ್ರಗಳಾದವು. ಟೆಂಪೋದಲ್ಲಿ ಹೇರಿ ಪೂರ್ವ ಉಪನಗರದ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡದ ಒಂದು ಸಣ್ಣ ಜೆಟ್ಟಿಗೆ ತಂದೆವು. (ಯಾವ ಜೆಟ್ಟಿ ಎಂದು ಬರೆಯುವುದಿಲ್ಲ. ಅಲ್ಲಿಯ ಶಾಂತಿ ನನಗೆ ಬೇಕು.) ಅಲ್ಲಿ ಮೀನು ಹಿಡಿಯುವ ದಾಮು ಕಾಕಾ ತಮ್ಮ ದೋಣಿಯ ಪಕ್ಕ ನಮಗೆ ಜಾಗ ಕೊಟ್ಟರು. ಅಮ್ಮ ಒಂದೇ ಷರತ್ತು ಹಾಕಿದ್ದಳು: "ನಿಮ್ಮಪ್ಪನಿಗೆ ಈಜು ಬರುವುದಿಲ್ಲ. ಅವರ ಚಪ್ಪಲಿ ಒದ್ದೆಯಾದರೂ ಸರಿ, ಮರುದಿನ ಆ ದೋಣಿ ಭಂಗಾರದವನಿಗೆ, ಗುಜರಿಗೆ."

ಹಾಗಾಗಿ ಕ್ಯಾನ್‌ಗಳು. ಅಪ್ಪ ಎಪ್ಪತ್ತೆಂಟು ಕಿಲೋ, ನಾನು ಐವತ್ತನಾಲ್ಕು. ಎಲ್ಲ ಸೇರಿದರೂ ಕ್ಯಾನ್‌ಗಳ ಆ ನೂರ ಎಂಬತ್ತು ಕಿಲೋಗಿಂತ ಕಡಿಮೆ. ಲೆಕ್ಕದಿಂದ ನಾನು ಏನನ್ನೂ ಬಿಟ್ಟಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಭರತಿ, ಸಮುದ್ರದ ಉಬ್ಬರಕ್ಕೆ ಖಾಡಿ ತುಂಬಿ ನಿಂತಿತ್ತು. ಕ್ಯಾನ್ ಇಳಿಸಿ ಅಪ್ಪನನ್ನು ಮುಂದಿನ ಹಲಗೆಯ ಮೇಲೆ ಕೂರಿಸಿದೆ. ನಾನು ಹಿಂದೆ, ಇಂಜಿನ್ನಿನ ಹಿಡಿಯ ಬಳಿ. ಮೂರನೇ ಎಳೆತಕ್ಕೆ ಇಂಜಿನ್ ಹತ್ತಿಕೊಂಡಿತು.

ದೋಣಿ ಹೋಯಿತು. ಇದಕ್ಕಿಂತ ಹೆಚ್ಚು ಏನು ಬರೆಯಲಿ? ನೀರಂಚಿನ ಕಾಂಡ್ಲಾ ಗಿಡಗಳ ಸಾಲು ಪಕ್ಕದಲ್ಲಿ ನಿಧಾನವಾಗಿ ಹಿಂದೆ ಸರಿಯಿತು. ದೂರದ ಸೇತುವೆಯ ಮೇಲೆ ಟ್ರಾಫಿಕ್ ಸದ್ದಿಲ್ಲದೆ ಹರಿಯುತ್ತಿತ್ತು. ಅಪ್ಪ ಇಪ್ಪತ್ತು ನಿಮಿಷ ಎರಡೂ ದಡ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗದೆಯೇ, "ಸದ್ದು ಸ್ವಲ್ಪ ಜಾಸ್ತಿ ಉಂಟು. ಆದರೆ ಹೋಗ್ತದೆ. ಹೋಗ್ತದೆ ಮಾರಾಯ್ತಿ!" ಎಂದರು.

ತಿರುಗಿ ಬಂದೆವು. ಜೆಟ್ಟಿಗೆ ಇನ್ನು ಹನ್ನೆರಡು ಅಡಿ, ಅಂದರೆ ಒಂದು ದೋಣಿಯ ಉದ್ದ. ನಾನು ಇಂಜಿನ್ನಿನ ವೇಗ ತಗ್ಗಿಸಿದೆ.

ಅಪ್ಪ ಎದ್ದು ನಿಂತರು.

ಹೆಗಲ ಚೀಲವನ್ನು ಎದೆಗೆ ತಂದುಕೊಂಡರು. ಒಂದು ಭುಜ ಮುಂದೆ ಮಾಡಿ ಅಡ್ಡ ತಿರುಗಿದರು. ಒಂದು ಹೆಜ್ಜೆ ದೋಣಿಯ ಅಂಚಿಗೆ ಸರಿದರು. ಬಲಗೈ ತಾನಾಗಿ ಮೇಲಕ್ಕೆ ಹೋಗಿ, ಅಲ್ಲಿಲ್ಲದ ಒಂದು ಹಿಡಿಕೆಯನ್ನು ಹುಡುಕಿತು.

ಆ ಭಂಗಿಯನ್ನು ನೀವು ಗುರುತಿಸಿರಬೇಕು. ಮೂವತ್ತನಾಲ್ಕು ವರ್ಷ ಲೋಕಲ್ ಟ್ರೇನಿನಲ್ಲಿ ಮನೆಗೆ ಬಂದವರು ಅವರು. ಹಿಂದಿನ ಸ್ಟೇಷನ್ ವಿದ್ಯಾವಿಹಾರ್ ಬಂದಾಗಲೇ ಎದ್ದು ಬಾಗಿಲಿಗೆ ನುಗ್ಗದಿದ್ದರೆ ಘಾಟ್ಕೋಪರ್‌ನಲ್ಲಿ ಇಳಿಯುವುದುಂಟೇ?

ಲೋಕಲ್ ಓರೆಯಾಗುವುದಿಲ್ಲ. ದೋಣಿ ಆಯಿತು. ಅಪ್ಪ ನೀರಿಗೆ ಬಿದ್ದರು.

ನಾನು ಇಂಜಿನ್ ಆರಿಸಿದೆ. ಜಾಕೆಟ್ ಅವರನ್ನು ತಕ್ಷಣ ಮೇಲಕ್ಕೆ ತಂದಿತು. ದಾಮು ಕಾಕಾ ಬಲೆ ಬಿಟ್ಟು ಓಡಿಬಂದು ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದುಕೊಂಡರು. ಎಲ್ಲ ಸೇರಿ ಅರ್ಧ ನಿಮಿಷ ಇರಬಹುದು. ಆ ಅರ್ಧ ನಿಮಿಷದಲ್ಲಿ ನಾನು ಏನನ್ನೂ ಎಣಿಸಲಿಲ್ಲ.

ಅಪ್ಪ ಮೆಟ್ಟಿಲ ಮೇಲೆ ಕೂತು ಕೆಮ್ಮಿ, ಕನ್ನಡಕ ಒರೆಸಿಕೊಂಡ ಮೇಲೆ ಕಾಕಾ ಕೇಳಿದರು: "ಕಾಯ್ ಅಣ್ಣಾ, ದಾದರ್ ಆಲಂ ಕಾ?"

ಏನಣ್ಣಾ, ದಾದರ್ ಬಂತಾ ಎಂದು. (ಅರ್ಧ ಲೋಕಲ್ ನುಗ್ಗಿ ಇಳಿಯುವ ಸ್ಟೇಷನ್ ಅದು.) ಜೆಟ್ಟಿಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ಅಪ್ಪ ನಗಲಿಲ್ಲ. ಅಂಗಿ ಬಿಚ್ಚಿ ಹಿಂಡಿದರು. "ಇನ್ನು ನೀನೇ ಹೋಗು. ನಾನು ಇಲ್ಲೇ ಕೂತು ನೋಡ್ತೇನೆ," ಎಂದರು. ಅದು ಬಾಲ್ಕನಿಯ ಸ್ವರ. ನನ್ನ ನಗು ನಿಂತಿತು.

ಮನೆಯಲ್ಲಿ ಅಮ್ಮ ಬಾಗಿಲು ತೆರೆದು ಕೆಳಗಿನಿಂದ ಮೇಲಕ್ಕೆ ನೋಡಿದಳು.

"ಸ್ವಲ್ಪ ನೀರು ಎರಚಿತು," ಎಂದರು ಅಪ್ಪ.

"ಕಿವಿಯೊಳಗೆ ಕೆಸರು ಎರಚಿತಾ?" ಎಂದಳು ಅಮ್ಮ. ಅಷ್ಟೇ ಹೇಳಿ ಬಿಸಿನೀರಿಗಿಟ್ಟಳು. ಭಂಗಾರದವನ ಮಾತು ಎತ್ತಲಿಲ್ಲ. ಅಪ್ಪನ ಮುಖ ನೋಡಿದ ಮೇಲೆ ಅವಳಿಗೂ ಎತ್ತಲು ಮನಸ್ಸಾಗಲಿಲ್ಲವೇನೋ. ಮಧ್ಯಾಹ್ನ ಅಪ್ಪ ಊಟ ಮಾಡಿ ಬಾಲ್ಕನಿಗೆ ಹೋದರು. ಚಹಾ ಬೇಕಾ ಎಂದರೆ "ಬೇಡ".

ಇದು ಅಪ್ಪ ಒಬ್ಬರ ರೋಗವೇ? ನಾನು ದಾದರ್‌ನಲ್ಲಿ ಇಳಿಯುವವಳು, ಎರಡು ಸ್ಟೇಷನ್ ಹಿಂದಿನ ಸಾಯನ್ ದಾಟುವ ಮೊದಲೇ ನಿಂತಿರುತ್ತೇನೆ. ಹೋಟೆಲಿನಲ್ಲಿ ಕೊನೆಯ ಗುಟುಕು ಬಾಯಲ್ಲಿರುವಾಗಲೇ ಏಳುತ್ತೇವೆ, ಏಕೆಂದರೆ ಕುರ್ಚಿಯ ಹಿಂದೆ ಇನ್ನೊಬ್ಬರು ಕಾದಿರುತ್ತಾರೆ. ನಾಟಕದ ಕೊನೆಯ ಮಾತು ಕೇಳುವುದು ನಿಂತುಕೊಂಡೇ. ಮದುವೆಯ ಊಟದಲ್ಲಿ ಪಾಯಸ ಬರುವಷ್ಟರಲ್ಲಿ ಫೋನಿನಲ್ಲಿ ಟ್ರೇನ್ ಹುಡುಕುತ್ತೇವೆ. ಗಾಡಿ ಪೂರ್ತಿ ನಿಂತ ಮೇಲೆ ಸೀಟಿನಿಂದ ಎದ್ದ ನೆನಪು ನಿಮಗಿದೆಯೇ? ನನಗಿಲ್ಲ.

ಅಂದ ಮೇಲೆ ಅಪ್ಪ ಏಳುತ್ತಾರೆಂದು ನನಗೆ ತಿಳಿದಿರಬೇಕಿತ್ತು. ಸಂಜೆ ನಕ್ಷೆ ಬಿಡಿಸಿ ನೋಡಿದೆ. ಮುಂದಿನ ಹಲಗೆಯ ಮೇಲೆ ಪೆನ್ಸಿಲಿನ ಒಂದು ಸಣ್ಣ ವೃತ್ತ, ಪಕ್ಕದಲ್ಲಿ "ಅಪ್ಪ, 78". ಕಟ್ಟಡದ ಲೆಕ್ಕದಲ್ಲಿ ಗೋಡೆಯ ಭಾರ ಬೇರೆ, ಓಡಾಡುವ ಮನುಷ್ಯರ ಭಾರ ಬೇರೆ. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು. ನಾನು ಅಪ್ಪನನ್ನು ಗೋಡೆಯ ಹಾಗೆ ಬರೆದಿದ್ದೆ. ದೋಣಿ ನಿಲ್ಲುವವರೆಗೆ ಏಳಬೇಡಿ ಎಂಬ ಒಂದು ಮಾತನ್ನೂ ಹೇಳಿರಲಿಲ್ಲ. ನೀರಿಗೆ ಬಿದ್ದದ್ದು ಅವರು, ತಪ್ಪು ನನ್ನದು.

ಇದನ್ನು ಅಪ್ಪನಿಗೆ ಹೇಳಬೇಕಿತ್ತು. ಬಾಲ್ಕನಿಯ ಬಾಗಿಲವರೆಗೆ ಹೋದೆ. ನಮ್ಮಿಬ್ಬರಿಗೂ ಇಂಥ ಮಾತು ಬರುವುದಿಲ್ಲ. ವಾಪಸ್ ಬಂದು ನಕ್ಷೆಯಲ್ಲಿದ್ದ ಅಪ್ಪನದೂ ನನ್ನದೂ ಎರಡೂ ವೃತ್ತಗಳನ್ನು ಅಳಿಸಿ, ಮತ್ತೆ ಬರೆದು, ಲೆಕ್ಕ ಹಾಕಿದೆ. ದೋಣಿಯ ಹಿಂಬದಿ ಒಂದೂವರೆ ಇಂಚು ಹೆಚ್ಚು ತಗ್ಗುತ್ತದೆ. ತೊಂದರೆಯಿಲ್ಲ.

ಮರುದಿನ ಸೋಮವಾರ. ತಡವಾಗಿ ಬರುತ್ತೇನೆಂದು ಆಫೀಸಿಗೆ ಮೆಸೇಜ್ ಹಾಕಿದೆ. "ಅಪ್ಪ, ಭರತಿ ಎಂಟೂ ಇಪ್ಪತ್ತಕ್ಕೆ," ಎಂದೆ.

"ನಾನು ಹತ್ತುವುದಿಲ್ಲ."

"ನೋಡಲು ಬನ್ನಿ. ನೋಡ್ತೇನೆ ಅಂದಿದ್ದಿರಲ್ಲ."

ಬಂದರು. ಜೆಟ್ಟಿಯಲ್ಲಿ ನಾನು ದೋಣಿಗಿಳಿದು ಮುಂದಿನ ಹಲಗೆಯ ಮೇಲೆ ಕುಳಿತೆ. ಇಂಜಿನ್ನಿನ ಬಳಿಯ ಜಾಗ ಖಾಲಿ.

"ಅರೇ, ಡ್ರೈವರ್ ಕುಠೇ?" ಎಂದರು ದಾಮು ಕಾಕಾ, ಡ್ರೈವರ್ ಎಲ್ಲಿ ಎಂದು.

"ಬರ್ತಾರೆ," ಎಂದು ಅಪ್ಪನನ್ನು ನೋಡಿದೆ. "ಅಪ್ಪ, ಸ್ಟೇಷನ್ ಬರುವ ಮೊದಲು ಏಳದವನು ಇಡೀ ಲೋಕಲ್‌ನಲ್ಲಿ ಒಬ್ಬನೇ. ಮೋಟರ್‌ಮನ್."

ಅಪ್ಪ ಆ ಖಾಲಿ ಜಾಗವನ್ನು ನೋಡಿ, ನಾನು ತಂದಿದ್ದ ಜಾಕೆಟ್ ತೊಟ್ಟರು. ಆಮೇಲೆ ಕಾಕಾನ ಭುಜ ಹಿಡಿದು ನಿಧಾನವಾಗಿ ಇಳಿದು, ಅಲ್ಲಿ ಕುಳಿತರು.

"ಬಲಕ್ಕೆ ಹೋಗಬೇಕಾದರೆ ಹಿಡಿಯನ್ನು ಎಡಕ್ಕೆ ತಳ್ಳಬೇಕು," ಎಂದೆ.

"ಗೊತ್ತುಂಟು. ಈ ಇಂಜಿನ್ನನ್ನು ಇಲ್ಲಿ ಕೂರಿಸಿದ್ದು ಯಾರು?"

ಇಂಜಿನ್ನಿಗೆ ಒಂದು ಕೆಂಪು ಹುರಿ ಇರುತ್ತದೆ. ಅದರ ತುದಿಯನ್ನು ನಡೆಸುವವರ ಕೈಗೆ ಕಟ್ಟುತ್ತಾರೆ. ಅವರು ಜಾಗ ಬಿಟ್ಟು ಎದ್ದರೆ ಹುರಿ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ಅದನ್ನು ಅಪ್ಪನ ಮಣಿಕಟ್ಟಿಗೆ ಸಿಕ್ಕಿಸಿದೆ, ಒಮ್ಮೆ ಎಳೆದು ನೋಡಿದೆ, ಆಮೇಲೆ ಮುಂದಿನ ಹಲಗೆಗೆ ಹೋಗಿ ಅವರಿಗೆ ಬೆನ್ನು ಹಾಕಿ ಕುಳಿತೆ.