ಬಡಕಲು ಮೈಯ ಕೊಬ್ಬು

ಸೊರಡಿಯ ಗೌಂಡಿ ಮಾಯಪ್ಪ ತನ್ನ ಅಣ್ಣ ಧನಾಜಿ ಸತ್ತಾಗ ಅಳಲಿಲ್ಲ.

ಹದಿನೆಂಟು ವರ್ಷ ಇಬ್ಬರೂ ಒಂದೇ ಹಲಗೆಯ ಮೇಲೆ ನಿಂತು ಗೋಡೆ ಕಟ್ಟಿದವರು. ಇಬ್ಬರದೂ ಒಣಗಿದ ಜಾಲಿಕಟ್ಟಿಗೆಯಂಥ ಮೈ. ಶಾಲೆಯ ಕಾಂಪೌಂಡು, ನೀರಿನ ಟಾಕಿ, ಊರಿನ ಅರ್ಧ ಮನೆಗಳು ಅವರ ಕೈಯವೇ.

ಅಂದು ಮಧ್ಯಾಹ್ನ ಯಳವಿಯಲ್ಲಿ ಒಂದು ಹೊಸ ಮನೆಗೆ ಗಿಲಾವು ಮಾಡುತ್ತಿದ್ದಾಗ ಧನಾಜಿ ಕರಣಿ ಕೆಳಗಿಟ್ಟು ಕೂತ.

"ಎದಿ ಉರೀಲಾಕತ್ತದ. ಎಡಗೈ ಜೋಮು ಹಿಡದಂಗ ಆಗೇದ. ಪಿತ್ತ ಇರಬೇಕು, ಒಂದು ಸೋಡಾ ತಗೊಂಡ ಬಾ."

ಮಾಯಪ್ಪ ಬಸ್ ಸ್ಟ್ಯಾಂಡಿನ ಅಂಗಡಿಗೆ ನಡೆದುಕೊಂಡು ಹೋದ. ಸೋಡಾಕ್ಕೆ ಯಾರು ಓಡುತ್ತಾರೆ? ಅಂಗಡಿಯವನ ಜೊತೆ ಮಳೆಯ ಮಾತೂ ಆಡಿದ. ತಿರುಗಿ ಬಂದಾಗ ಧನಾಜಿ ಸಿಮೆಂಟಿನ ಚೀಲಕ್ಕೆ ಒರಗಿದ್ದ. ಬಾಯಿ ತೆರೆದಿತ್ತು, ಉಸಿರು ಇರಲಿಲ್ಲ. ವಯಸ್ಸು ನಲವತ್ನಾಲ್ಕು. ಅವರ ಅಪ್ಪನೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಹೊಲದಲ್ಲಿ ಕುಸಿದು ಹೋಗಿದ್ದ.

ಹಿರಿಯರು ಹೇಳಿದ್ದನ್ನೆಲ್ಲ ಮಾಯಪ್ಪ ಮಾಡಿದ. ಕಟ್ಟಿಗೆ ತಂದ, ಬಂದವರಿಗೆ ಚಹಾ ಕೊಟ್ಟ. ದರಿಬಡಚಿಯಿಂದ ಬಂದ ಅಕ್ಕ ಇಂದ್ರಾಬಾಯಿ ಕೊರಳಿಗೆ ಬಿದ್ದು ಅತ್ತಾಗ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತ, ಅಷ್ಟೇ.

"ಒಮ್ಮೆ ಅತ್ತುಬಿಡ್ರಿ," ಎಂದಳು ಹೆಂಡತಿ ಸೀತವ್ವ.

"ಬರವಲ್ದು," ಎಂದ.

ಮುಂದಿನ ವಾರ ಒಬ್ಬನೇ ಕೆಲಸಕ್ಕೆ ಹೋದ. ಬಡಿಸಿದ್ದನ್ನು ಉಂಡ. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನು ಸೀತವ್ವ ಮರೆತಿದ್ದಳು. ಅವನಿಗೆ ತಿಳಿಯಲೇ ಇಲ್ಲ.

ತಿಂಗಳು ಕಳೆದ ಮೇಲೆ ಸಾಂಗಲಿಯಲ್ಲಿ ನರ್ಸಿಂಗ್ ಓದುವ ಧನಾಜಿಯ ಮಗಳು ಪ್ರಣಾಲಿ ಊರಿಗೆ ಬಂದಳು. ಬಂದವಳೇ ಕಾಕಾನನ್ನು ಅಂಗಳದ ಬೆಳಕಿಗೆ ಕೂರಿಸಿ ಅವನ ಕಣ್ಣರೆಪ್ಪೆಯ ಮೇಲಿನ ಹಳದಿ ಕಲೆಗಳನ್ನು ನೋಡಿದಳು. ಹಿಮ್ಮಡಿಯ ಮೇಲಿನ ನರವನ್ನು ಒತ್ತಿದಳು. ಅದು ಗಂಟುಗಟ್ಟಿ ದಪ್ಪಗಾಗಿತ್ತು.

"ಅಪ್ಪಗೂ ಹಿಂಗೇ ಇತ್ತು ಕಾಕಾ. ನಾಳೆ ಜತ್ತಕ್ಕ ಹೋಗಿ ರಕ್ತ ತೋರಸೂನು. ಕೊಲೆಸ್ಟ್ರಾಲ್ ಇರಬೇಕು."

"ಅದು ತುಪ್ಪಾ ತಿಂದು ಹೊಟ್ಟಿ ಬೆಳಿಸಿದವರಿಗೆ ಬರೂದು," ಎಂದಳು ಸೀತವ್ವ. "ನಿನ್ನ ಕಾಕಾನ ಎಲುಬು ಎಣಸಬಹುದು."

ಆದರೂ ಹೋದರು. ಮುನ್ನೂರಾ ಎಪ್ಪತ್ತೆರಡು ಬಂತು. ಇನ್ನೂರರೊಳಗೆ ಇರಬೇಕಾದದ್ದು.

ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. "ಇದು ನೀವು ತಿಂದದ್ದಲ್ಲ, ನಿಮ್ಮ ವಂಶದಾಗ ಬಂದದ್ದು. ರಕ್ತದಾಗಿನ ಕೊಬ್ಬು ತಗಿಯೂ ಕೆಲಸಾ ಲಿವರಿಂದು. ನಿಮ್ಮ ಲಿವರಿಗೆ ಹುಟ್ಟಿದಾಗಿಂದ ಅದು ನೀಗೂದಿಲ್ಲ. ಅದಕ್ಕ ಕೊಬ್ಬು ಎದಿ ರಕ್ತನಾಳದಾಗ ಮೆತ್ತಕೋತ ಬಂದದ. ನೋವು ಇರೂದಿಲ್ಲ. ಗೊತ್ತಾಗೂ ಹೊತ್ತಿಗೆ ಹೊತ್ತು ಮೀರಿರತದ. ಗುಳಿಗಿ ದಿನಾ ತಗೋರಿ. ಆರಾಮ ಆತು ಅಂತ ಬಿಡಬ್ಯಾಡ್ರಿ. ಮಕ್ಕಳಿಗೆ, ಒಡಹುಟ್ಟಿದವರಿಗೂ ತೋರಸ್ರಿ."

ಮಾಯಪ್ಪ ಒಂದೇ ಮಾತು ಕೇಳಿದ. "ಅಣ್ಣಗ ಎದಿ ಉರದಾಗ ಆಗೇ ಗಾಡಿ ಮಾಡಿ ದವಾಖಾನಿಗೆ ಒಯ್ದಿದ್ದರ ಬದಕ್ತಿದ್ದನೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಬದುಕಬಹುದಿತ್ತು. ಖಾತ್ರಿ ಹೇಳಾಕ ಬರೂದಿಲ್ಲ."

ನಾಳೆ ಉಸುಕಿನ ಲಾರಿ ಬರುತ್ತದೆ ಎಂದು ಯಾರೋ ಹೇಳಿದಂತೆ ಮಾಯಪ್ಪ ತಲೆಯಾಡಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಪ್ರಣಾಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ನನಗೂ ಅದ ಕಾಕಾ. ಮುನ್ನೂರಾ ಹತ್ತು. ಗುಳಿಗಿ ಸುರು ಮಾಡೇನಿ."

ಮಾಯಪ್ಪ ಅವಳ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಆ ವಾರವೇ ಮಾಯಪ್ಪನ ಹನ್ನೊಂದು ವರ್ಷದ ಮಗಳು ಸ್ವಪ್ನಾಲಿಯ ರಕ್ತವನ್ನೂ ತೋರಿಸಿದರು. ಅವಳಿಗೆ ಏನೂ ಇರಲಿಲ್ಲ. ಸೀತವ್ವ ಸಂತೋಷಕ್ಕೆ ಅತ್ತಳು. ತನಗೂ ಖುಷಿಯಾಗಬೇಕಿತ್ತು ಎಂದು ಮಾಯಪ್ಪನಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಕಾದು ನೋಡಿದ. ಆಮೇಲೆ ಎದ್ದು ಕೆಲಸಕ್ಕೆ ಹೋದ.

ಉಳಿದವಳು ಇಂದ್ರಾಬಾಯಿ. ಫೋನಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಮುಂಜಾನೆ ಮಾಯಪ್ಪ ದರಿಬಡಚಿಗೇ ಹೋಗಿ ಅವಳ ಕಟ್ಟೆಯ ಮೇಲೆ ಕೂತ.

"ನನಗೇನ ಧಾಡಿ ಆಗೇದೋ? ದಿನಾ ಆಡು ಕಾಯತೀನಿ, ಗುಡ್ಡ ಹತ್ತತೀನಿ. ಹಣೆಬರಹದಾಗ ಇದ್ದಷ್ಟು ದಿನಾ ಇರೂದು."

"ಅಕ್ಕಾ," ಎಂದ ಮಾಯಪ್ಪ. "ಅವತ್ತ ನಾ ಓಡಲಿಲ್ಲ. ನಡಕೋತ ಹೋದೆ. ಅಂಗಡಿಯಾಂವನ ಜೋಡಿ ಮಾತಾಡಕೋತ ನಿಂತಿದ್ದೆ. ಅಣ್ಣ ಅಲ್ಲಿ ಒಬ್ಬನ ಕುಂತಿದ್ದ."

ಇದನ್ನು ಅವನು ಸೀತವ್ವನಿಗೂ ಹೇಳಿರಲಿಲ್ಲ. ದನಿ ಏರಲಿಲ್ಲ, ಒಡೆಯಲೂ ಇಲ್ಲ. ಇಂದ್ರಾಬಾಯಿ ಮೇಯಲು ಹೊರಡಿಸಿದ್ದ ಆಡುಗಳನ್ನು ಮತ್ತೆ ಹಟ್ಟಿಯಲ್ಲಿ ಕೂಡಿಹಾಕಿ, ಕಾಲು ತೊಳೆದು, ಬೇರೆ ಸೀರೆ ಉಟ್ಟು ಬಂದಳು.

"ನಡಿ," ಎಂದಳು.

ಅವಳದು ಮುನ್ನೂರಾ ನಲವತ್ತು ಬಂತು. ಈಗ ಅಕ್ಕ ತಮ್ಮ ಆಗಾಗ ಕೂಡಿಯೇ ಜತ್ತಕ್ಕೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಮಾಯಪ್ಪನದು ಇನ್ನೂರರ ಹತ್ತಿರ ಇಳಿದಿದೆ. ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಇಂದ್ರಾಬಾಯಿ ಅವನ ತೋಳು ಹಿಡಿಯುತ್ತಾಳೆ.