ಬೀ ತಾಬು ಕಿತ್ತಿಟ್ಟ ಕರೆಂಟು

ಬೀ ತಾಬು ನನ್ನ ಫೋನನ್ನು ಚಾರ್ಜಿನಿಂದ ಕಿತ್ತು ಹನ್ನೊಂದು ವರ್ಷವಾಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅವರ ಉಪಕಾರ ನೆನೆಯಲೆಂದೇ ಬರೆಯಲು ಕೂತಿದ್ದೇನೆ, ಆದರೂ ಮೊದಲು ಇದನ್ನು ಹೇಳಿಬಿಡುತ್ತೇನೆ. ಕೊರೊಗ್ವೆಯಿಂದ ಕತ್ತಾಳೆ ನಾರು ತರುವ ಲಾರಿಗೆ ಡ್ರೈವರು ಬೇಕಿತ್ತು. ಬೆಳಿಗ್ಗೆ ಫೋನು ಮಾಡುತ್ತೇನೆ ಎಂದು ಮಾಲೀಕರು ಹೇಳಿದ್ದರು. ಸತ್ತ ಫೋನನ್ನು ನಡುಹಜಾರದ ಗೋಡೆಗೆ ಚುಚ್ಚಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಫೋನು ಒಂದು ಕಡೆ, ವೈರು ಒಂದು ಕಡೆ. ಆ ಲಾರಿ ಇನ್ನೊಬ್ಬನ ಪಾಲಾಯಿತು. ಯಾಕೆ ಕಿತ್ತಿರಿ ಎಂದು ಕೂಗಾಡಿದರೆ ಮುದುಕಿ ಕಣ್ಣು ಕೂಡ ಮಿಟುಕಿಸಲಿಲ್ಲ.

"ಮುಟ್ಟಿ ನೋಡ್ದೆ, ಬೆಚ್ಚಗಿತ್ತು. ಹೊಟ್ಟೆ ತುಂಬಿದ ಕೂಸಿನ ಹಾಗೆ. ಸಾಕು ಅಂತ ತೆಗ್ದೆ."

ಟಾಂಗಾ ಪಟ್ಟಣದ ಹದಿನಾಲ್ಕನೆಯ ರಸ್ತೆಯಲ್ಲಿ ನಮ್ಮದು ಆರು ಕೋಣೆಯ ಬಾಡಿಗೆ ಮನೆ. ಆರಕ್ಕೂ ಒಂದೇ ಮೀಟರು. ಮೊದಲೇ ದುಡ್ಡು ಕಟ್ಟಿ, ಟೋಕನ್ ಚೀಟಿಯ ಇಪ್ಪತ್ತು ಅಂಕಿಗಳನ್ನು ಮೀಟರಿಗೆ ಒತ್ತಿದರೆ ಕರೆಂಟು, ಇಲ್ಲದಿದ್ದರೆ ಇಲ್ಲ. ಎಲ್ಲರದೂ ಸಮಪಾಲು. ಕೆಟ್ಟದ್ದೇ ಅಲ್ಲಿ. ಪಕ್ಕದವನು ಹೆಚ್ಚು ಉರಿಸಿದರೆ ನನ್ನ ಪಾಲು ಅವನಿಗೆ ಹೋಯಿತು, ಹಾಗಾಗಿ ನಾನೂ ಉರಿಸಬೇಕು ಎಂದು ಒಬ್ಬೊಬ್ಬರೂ ಯೋಚಿಸುತ್ತಿದ್ದೆವು. ತುಂಬಿದ ಫೋನು, ತುಂಬಿದ ಟಾರ್ಚು, ಯಾರೂ ಕೇಳದ ಸ್ಪೀಕರು, ಎಲ್ಲ ದಿನವಿಡೀ ಗೋಡೆಗೆ ಅಂಟಿಕೊಂಡೇ ಇರುತ್ತಿದ್ದವು. ಕೆಟ್ಟುಹೋದ ಫೋನೊಂದರ ಚಾರ್ಜರನ್ನೂ ನಾನು ಹಠಕ್ಕೆ ಚುಚ್ಚಿಟ್ಟಿದ್ದೆ.

ಇಷ್ಟಾಗಿ, ಆ ಮನೆಯಲ್ಲಿ ಕರೆಂಟು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ನನಗೇ. ಮಗಳು ನಸ್ರಾಗೆ ಆಗ ಏಳು ವರ್ಷ, ಉಬ್ಬಸ. ಕೆರಳಿದಾಗ ಮದ್ದನ್ನು ಹಬೆ ಮಾಡಿ ಮೂಗಿಗೆ ಕೊಡುವ ಸಣ್ಣ ಯಂತ್ರ ಓಡಬೇಕು. ಅದು ಓಡದಿದ್ದರೆ ಮಗುವಿನ ತುಟಿ ನೀಲಿಯಾಗುತ್ತಿತ್ತು.

ಬೀ ತಾಬು ಮುಂದಿನ ಕೋಣೆಯವರು. ಗಂಡ ಪಂಗಾನಿಯಲ್ಲಿ ಮೀನಿಗೆ ಹೋದವನು ಮರಳಲಿಲ್ಲ. ಗುಳಿಬಾಣಲೆಯೊಂದನ್ನು ತಲೆಯ ಮೇಲೆ ಹೊತ್ತುಕೊಂಡು ಈ ಊರಿಗೆ ಬಂದರಂತೆ. ಮೂವತ್ತು ವರ್ಷ ಬಾಗಿಲ ಮುಂದೆ ಕೂತು ಪಡ್ಡಿನಂಥ ಅಕ್ಕಿ ಹಿಟ್ಟಿನ ವಿತುಂಬುವಾ ಸುಟ್ಟು ಮಾರಿದರು. ವ್ಯಾಪಾರ ಮುಗಿದ ಕೂಡಲೇ ಇದ್ದಿಲ ಕೆಂಡಕ್ಕೆ ಬೂದಿ ಮುಚ್ಚುವರು, ಮಾರನೆಯ ದಿನಕ್ಕೆ ಅದೇ ಕೆಂಡ. ಕರೆಂಟನ್ನೂ ಅವರು ಹಾಗೇ ನೋಡಿದರು. ಬೆಳಗಿನ ಗಂಜಿಯಾದ ಮೇಲೆ ಕೋಣೆ ಕೋಣೆಯ ಬಾಗಿಲಲ್ಲೂ ನಿಂತು ಕೂಗುವರು, ಒಳಗೆ ಬಂದು ಅಂಗೈ ಹಿಂಬದಿಯಿಂದ ಚಾರ್ಜರುಗಳನ್ನು ಮುಟ್ಟಿ ಮುಟ್ಟಿ ಕೀಳುವರು.

ಅವರ ಬಾಯಿ ಮುಚ್ಚಿಸಬೇಕೆಂದು ನಾನು ಫೋನು ರಿಪೇರಿಯ ಜುಂಬೆಯ ಹತ್ತಿರ ಹೋಗಿ ವಿಚಾರಿಸಿದೆ. ಬರೀ ಚಾರ್ಜರು ಕುಡಿಯುವುದು ಹನಿಯಷ್ಟು, ಕೆಂಪು ದೀಪ ಹೊತ್ತಿಕೊಂಡು ಕೂತಿರುವ ದೊಡ್ಡ ಸ್ಪೀಕರೇ ಹೆಚ್ಚು ಕುಡಿಯುತ್ತದೆ ಎಂದ. ಗೆದ್ದೆನೆಂದು ಓಡಿಬಂದು ಹೇಳಿದೆ.

"ಒಳ್ಳೇದು ಹೇಳ್ದೆ ಬಾಬಾ ನಸ್ರಾ," ಎಂದರು; ನಸ್ರಾಳ ಅಪ್ಪನೆಂದು ನನ್ನನ್ನು ಕರೆಯುತ್ತಿದ್ದದ್ದು ಹಾಗೇ. "ಹಾಗಾದ್ರೆ ನಾಳೆ ನಿನ್ನ ಸ್ಪೀಕರಿಂದಾನೇ ಶುರು."

ಹಾಗೇ ಮಾಡಿದರು ಕೂಡ. ಉಳಿದ ಕೋಣೆಯವರು ನಗುತ್ತ ನಗುತ್ತ ಒಪ್ಪಿಕೊಂಡರು, ಕಡೆಗೆ ತಾವೇ ಕಿತ್ತಿಡತೊಡಗಿದರು. ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ. ಚಂದಾ ಎತ್ತಿ ಟೋಕನ್ ತರುತ್ತಿದ್ದವರೂ ಅವರೇ. ಕರೆಂಟು ಉಳಿಯುತ್ತಿದೆ ಎನ್ನುತ್ತಾರೆ, ಚಂದಾ ಮಾತ್ರ ಮೊದಲಿನಷ್ಟೇ. ಉಳಿದದ್ದು ಎಲ್ಲಿ ಹೋಯಿತು? ಒಂದು ಶನಿವಾರ ಅಂಗಳದಲ್ಲಿ ಎಲ್ಲರೂ ಬಟ್ಟೆ ಒಗೆಯುತ್ತಿದ್ದಾಗ ಕೇಳಿಯೇಬಿಟ್ಟೆ. ತಾಯಿಯ ವಯಸ್ಸಿನವರನ್ನು ಏಕವಚನದಲ್ಲಿ ಕರೆದೆ. ಕಳ್ಳಿ ಎಂದೆ.

ಬೀ ತಾಬು ತಮ್ಮ ಒಣಕಲು ತೋಳನ್ನು ಮುಂದೆ ಚಾಚಿದರು.

"ತಿಂದಿದ್ರೆ ಇಲ್ಲೆಲ್ಲಾದ್ರೂ ಕಾಣ್ಬೇಕಲ್ಲಪ್ಪ. ಹುಡುಕು."

ಯಾರೋ ನಕ್ಕರು. ನನಗೆ ಇನ್ನೂ ಉರಿಯಿತು. ಇನ್ನು ಮೇಲೆ ಟೋಕನ್ ತರುವವನು ನಾನು ಎಂದು ಸಾರಿ, ಅಂದು ಸಂಜೆಯಿಂದಲೇ ಸ್ಪೀಕರು, ಟೀವಿ, ಫ್ಯಾನು ಎಲ್ಲ ಹಚ್ಚಿ ಬಿಟ್ಟೆ. ಅವರು ಮುಟ್ಟಲು ಬರಲಿಲ್ಲ.

ಭಾನುವಾರ ಮಧ್ಯಾಹ್ನ ನಸ್ರಾಗೆ ಉಬ್ಬಸ ಕೆರಳಿತು. ಹೆಂಡತಿ ಯಂತ್ರ ಹಚ್ಚಿದಳು, ಅದು ಎರಡು ನಿಮಿಷ ಗುರ್ ಎಂದು ನಿಂತೇಹೋಯಿತು. ಮೀಟರಿನಲ್ಲಿ ಸೊನ್ನೆ. ಫೋನಿನಿಂದ ಟೋಕನ್ ಕೊಳ್ಳಲು ಹೋದರೆ ಆಗಲಿಲ್ಲ. ರಸ್ತೆಯ ಅಂಗಡಿಯಲ್ಲೂ ಆಗಲಿಲ್ಲ. ಊರಿಗೆಲ್ಲ ಟೋಕನ್ ಮಾರುವ ನೆಟ್‌ವರ್ಕೇ ಬಿದ್ದುಹೋಗಿತ್ತು, ಅಂಗಡಿಯ ಮುಂದೆ ಜನ ಬೈಯುತ್ತ ನಿಂತಿದ್ದರು. ಆಸ್ಪತ್ರೆಗಾದರೂ ಒಯ್ಯೋಣವೆಂದು ಬೋಡಾಬೋಡಾ ಬಾಡಿಗೆ ಬೈಕಿನವನನ್ನು ಕರೆದುಕೊಂಡು ಮನೆಗೆ ಓಡಿದೆ. ಮಗು ತಾಯಿಯ ತೊಡೆಯ ಮೇಲೆ ಬಾಯಿ ತೆರೆದು ಗಾಳಿ ಹುಡುಕುತ್ತಿತ್ತು.

ಮೀಟರಿನ ಕೆಳಗೆ ಬೀ ತಾಬು ನಿಂತಿದ್ದರು. ಹೊದ್ದ ಖಾಂಗಾದ ಸೆರಗಿನ ಗಂಟು ಬಿಚ್ಚುತ್ತಿದ್ದರು. ಗಂಟಿನೊಳಗೆ ನಾಲ್ಕಾಗಿ ಮಡಚಿದ ಮೂರು ಚೀಟಿಗಳು. ಮೂರೂ ಟೋಕನ್ನುಗಳೇ. ಚಂದಾದಿಂದ ಕೊಂಡದ್ದು, ಮೀಟರಿಗೆ ಒತ್ತದೇ ಇಟ್ಟದ್ದು. ಕಿತ್ತಿಟ್ಟ ಸ್ಪೀಕರು, ಚಾರ್ಜರುಗಳಿಂದ ಉಳಿದ ಕರೆಂಟೆಲ್ಲ ಅವರ ಸೆರಗಿನಲ್ಲಿತ್ತು.

"ಮೊದ್ಲೇ ಹೇಳಿದ್ರೆ ನೀವೆಲ್ಲ ಉರಿಸಿಬಿಡ್ತಿದ್ರಿ," ಎಂದರು. "ನನಗೆ ಓದೋಕೆ ಬರಲ್ಲ. ನೀನು ಒತ್ತು."

ಎರಡು ಸಲ ತಪ್ಪು ಒತ್ತಿದೆ, ಮೀಟರು ಎರಡೂ ಸಲ ಉಗಿಯಿತು.

"ನಿಧಾನ ಮಗನೇ. ಅಂಕಿ ಕಲಿಯೋಷ್ಟಾದ್ರೂ ಶಾಲೆಗೆ ಹೋಗಿದ್ಯಲ್ಲ."

ಮೂರನೆಯ ಸಲ ಒತ್ತಿದಾಗ ಒಳಗಿನಿಂದ ಯಂತ್ರದ ಗುರ್ ಶಬ್ದ ಕೇಳಿತು. ಅಂಥ ಒಳ್ಳೆಯ ಶಬ್ದವನ್ನು ನಾನು ಆಮೇಲೆ ಕೇಳಿಲ್ಲ. ಅರ್ಧ ಗಂಟೆಯಲ್ಲಿ ಮಗು ಮಲಗಿತು. ನಾನು ಹೋಗಿ ಸ್ಪೀಕರು, ಟೀವಿ, ಫ್ಯಾನು ಒಂದೊಂದನ್ನೇ ಕಿತ್ತೆ. ಬೀ ತಾಬು ಬಾಗಿಲಲ್ಲಿ ನಿಂತು, ಫ್ಯಾನು ಮಗುವಿಗೆ ಇರಲಿ ಎಂದು ಅದನ್ನು ಮತ್ತೆ ಹಾಕಿಸಿದರು.

ಆಮೇಲೆ ಅವರು ನಾಲ್ಕು ವರ್ಷ ಬದುಕಿದ್ದರು. ಅವರಿಗೆ ನಾನು ಇದ್ದಿಲ ಮೂಟೆ ಹೊತ್ತು ತಂದೆ, ಸೋರುತ್ತಿದ್ದ ತಗಡು ಸರಿ ಮಾಡಿದೆ, ಬಂದರಿನಿಂದ ಮೀನು ತಂದುಕೊಟ್ಟೆ. ಅಂಗಳದಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಎಷ್ಟು ಸಲ ಹೋದೆನೋ. ಸಿಟ್ಟಿನ ಮಾತು ನನ್ನ ಬಾಯಿಂದ ಹೊರಡುವಷ್ಟು ಸಲೀಸಾಗಿ ತಪ್ಪಾಯಿತೆಂಬ ಮಾತು ಹೊರಡುತ್ತಿರಲಿಲ್ಲ. "ಬೀ ತಾಬು, ಅವತ್ತು..." ಎನ್ನುವಷ್ಟರಲ್ಲಿ ಅವರು ಹಿಟ್ಟು ಹುಳಿಯಾಗುತ್ತಿದೆ, ಆಮೇಲೆ ಬಾ ಎನ್ನುವರು. ನಾನೂ ಬದುಕಿದೆಯಾ ಬಡಜೀವವೇ ಎಂದು ಎದ್ದು ಬರುವೆ.

ಅವರನ್ನು ಪಂಗಾನಿಯಲ್ಲಿ ಮಣ್ಣು ಮಾಡಿದೆವು. ನಮ್ಮ ಪದ್ಧತಿಯಂತೆ ಅವರ ತಮ್ಮ ಜನರ ಮುಂದೆ ನಿಂತು, ಸತ್ತವಳಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ಈಗಲೇ ಹೇಳಿ, ನಾನು ತೀರಿಸುತ್ತೇನೆ ಎಂದು ಕೇಳಿದ. ಯಾರೂ ಮುಂದೆ ಬರಲಿಲ್ಲ. ಅವಳಿಗೆ ಕೊಡಬೇಕಾದವರು ಯಾರಾದರೂ ಇದ್ದೀರಾ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ನಸ್ರಾಳ ಕೈ ಹಿಡಿದುಕೊಂಡು ನಾನು ಸುಮ್ಮನೆ ನಿಂತಿದ್ದೆ.