ಹೊಳೆ ದಾಟುವ ವಿಷಯ

ಅಗಸಿ ಬೀಜ ಹುರಿಯುವಾಗ ಫೋನ್ ಎತ್ತಬಾರದು ಎಂಬುದು ನನ್ನ ಅಡುಗೆಮನೆಯ ಕಾನೂನು. ಅಗಸಿ ಚಟಪಟ ಎನ್ನಲು ಶುರುವಾದ ಮೇಲೆ ಯಾರಿಗೂ ಕಾಯುವುದಿಲ್ಲ; ಒಂದು ಗಳಿಗೆ ಮೈಮರೆತರೆ ಕಹಿ. ಮೊನ್ನೆ ಆ ಕಾನೂನನ್ನು ನಾನೇ ಮುರಿದೆ. ಕರೆ ಫ್ರಾನ್ಸಿನ ಲಿಯೋನ್ ಎಂಬ ಊರಿನಿಂದ, ಮಗಳದ್ದು. ಅವಳು ಅಲ್ಲಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಅವಳಿಗೀಗ ಏಳು ತಿಂಗಳು ತುಂಬಿದೆ.

"ಅವ್ವಾ, ಮುಂದಿನ ವಾರ ಬಾರ್ಸಿಲೋನಾಕ್ಕ ಹೊಂಟೀವಿ, ರೈಲಿನ್ಯಾಗ. ಬ್ಯಾಡ ಅನಬ್ಯಾಡ ಮತ್ತ."

"ಡಾಕ್ಟರ್ ಏನಂದ್ರು?"

"ಹೋಗಿ ಬರ್ರಿ ಅಂದ್ರು."

"ಹಂಗಾರ ನನ್ನ ಯಾಕ ಕೇಳ್ತಿ? ಹೋಗು. ಒಂದ ಕಡೆ ಕೂಡಬ್ಯಾಡ, ಎದ್ದು ಅಡ್ಡಾಡು. ನೀರು ಕುಡಿ."

ನಾನು ನರ್ಸ್ ಆಗಿದ್ದವಳು. ಇದಕ್ಕಿಂತ ಹೆಚ್ಚು ಹೇಳುವುದು ನನ್ನ ವೃತ್ತಿಗೆ ಶೋಭಿಸುವುದಿಲ್ಲ. ಹೋದ ಸಲ ಅವಳ ಬಸಿರು ನಿಲ್ಲಲಿಲ್ಲ ಎಂಬ ಮಾತು ನಮ್ಮಿಬ್ಬರ ನಡುವೆ ಇತ್ತು; ಇಬ್ಬರೂ ಅದನ್ನು ಎತ್ತಲಿಲ್ಲ. ಫೋನ್ ಇಟ್ಟು ನೋಡಿದರೆ ಅಗಸಿ ಕಪ್ಪಗಾಗಿತ್ತು. ಆ ಸುಟ್ಟ ವಾಸನೆ ನನ್ನನ್ನು ಬೀದರಿನ ಈ ಮನೆಯಿಂದ ಎತ್ತಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮೂರನೆಯ ಮಹಡಿಯ ಒಂದು ಇಕ್ಕಟ್ಟು ಅಡುಗೆಮನೆಯಲ್ಲಿ ಇಳಿಸಿತು.

ನೀವು ನಗಬಹುದು, ಆದರೆ ಬಾಸೆಲ್ ನನಗಾಗಿಯೇ ಕಟ್ಟಿದ ಊರಿನಂತಿತ್ತು. ನಾನು ಭಾಲ್ಕಿಯವಳು, ನರ್ಸಿಂಗ್ ಕಲಿತ ಹಾಸ್ಟೆಲಿನಲ್ಲಿ ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ಜಡೆ ಹಾಕಿಕೊಳ್ಳುವುದಕ್ಕೂ ಒಂದು ಗಂಟೆ. ಜೊತೆಯ ಹುಡುಗಿಯರು ಅತ್ತರು, ನಾನು ಅರಳಿದೆ. ನಮ್ಮವರು ದನದ ಡಾಕ್ಟರು. ಕುರಿಗಳ ರೋಗದ ಬಗ್ಗೆ ಎರಡು ವರ್ಷ ಅಭ್ಯಾಸ ಮಾಡಲು ಅವರಿಗೆ ಬಾಸೆಲ್‌ನಿಂದ ಕರೆ ಬಂದಾಗ ನಾನೂ ಹೋದೆ. ಅಲ್ಲಿ ಬಟ್ಟೆ ಒಗೆಯಲು ಒಬ್ಬೊಬ್ಬರಿಗೆ ಒಂದೊಂದು ವಾರ ಗೊತ್ತುಮಾಡಿದ್ದರು, ಭಾನುವಾರ ಗಾಜಿನ ಬಾಟಲಿ ಎಸೆಯುವಂತಿರಲಿಲ್ಲ. ಮನೆಯೊಡತಿ ಈ ನಿಯಮಗಳನ್ನು ಓದಿ ಹೇಳುವಾಗ ನಮ್ಮವರ ಮುಖ ಬಾಡಿತು. ನಾನು ಮಾತ್ರ ಭಾಷೆ ಬಾರದಿದ್ದರೂ ತಲೆಯಾಡಿಸುತ್ತಲೇ ಇದ್ದೆ. ಕಾರಣವಿರುವ ನಿಯಮಕ್ಕೆ ನಾನು ಎಂದೂ ಎದುರಾಡಿದವಳಲ್ಲ.

ಕಾರಣವಿಲ್ಲದ ನಿಯಮ ಬಂದದ್ದು ಔರಾದಿನಿಂದ.

ಔರಾದ್ ನನ್ನ ಗಂಡನ ಊರು. ಅಲ್ಲಿಂದ ಬೀದರಕ್ಕಾಗಲಿ ಭಾಲ್ಕಿಗಾಗಲಿ ಬರಬೇಕಾದರೆ ಮಾಂಜ್ರಾ ಹೊಳೆ ದಾಟಬೇಕು. ನಮ್ಮ ಅತ್ತೆಯ ಕಾನೂನು ಒಂದೇ: ಏಳನೆಯ ತಿಂಗಳು ಹತ್ತಿದ ಮೇಲೆ ಬಸುರಿ ಹೊಳೆ ದಾಟಬಾರದು. ಚೊಚ್ಚಲ ಹೆರಿಗೆಗೆ ಸೊಸೆಯನ್ನು ತವರಿಗೆ ಕಳಿಸುವುದಿದ್ದರೂ ಅದಕ್ಕೆ ಮೊದಲೇ ದಾಟಿಸಿ ಮುಗಿಸಬೇಕು. ಅವರ ಭಯಕ್ಕೆ ಮೂಲವಿತ್ತು. ಸೇತುವೆ ಇಲ್ಲದ ಕಾಲದಲ್ಲಿ, ಮೊದಲ ಬಸಿರಿನಲ್ಲಿ, ಅವರು ದೋಣಿಯಲ್ಲಿ ಮಾಂಜ್ರಾ ದಾಟಿ ತವರಾದ ಖಟಕ ಚಿಂಚೋಳಿಗೆ ಹೋಗಿದ್ದರು. ವಾರದೊಳಗೆ ಕೂಸು ಹೋಯಿತು.

"ಅದು ಹೊಳಿಯಿಂದ ಅಲ್ರಿ ಅತ್ತಿ, ನಿಮಗ ಕಾಮಣಿ ಬ್ಯಾನಿ ಆಗಿತ್ತು. ಕಣ್ಣು ಹಳದಿ ಆಗಿದ್ವು ಅಂತ ನೀವೇ ಹೇಳೀರಿ" ಎಂದು ಮದುವೆಯಾದ ಹೊಸದರಲ್ಲೇ ನಾನು ವಿವರಿಸಿದ್ದೆ.

"ಇರಬಹುದವಾ. ನೀ ಮಾತ್ರ ದಾಟಬ್ಯಾಡ."

ಬಾಸೆಲ್‌ನ ಹೊಟ್ಟೆಯಲ್ಲೇ ರೈನ್ ನದಿ ಹರಿಯುತ್ತದೆ. ಅಲ್ಲಿಗೆ ಹೋದ ವರ್ಷವೇ ನಾನು ಬಸುರಾದೆ. ಅತ್ತೆ ಪ್ರತಿ ರವಿವಾರ ಔರಾದಿನ ಕಿರಾಣಿ ಅಂಗಡಿಗೆ ಬಂದು ಕೂತು ನನ್ನ ಫೋನಿಗಾಗಿ ಕಾಯುತ್ತಿದ್ದರು. ಅಂಗಡಿಗೆ ಬಂದವರೆಲ್ಲ ನನ್ನ ಬಸಿರಿನ ವಾರದ ವರದಿ ಕೇಳುತ್ತಿದ್ದರು ಎಂದೇ ನನ್ನ ಗುಮಾನಿ.

"ದವಾಖಾನಿ ಯಾ ದಂಡಿಗಿ ಅದ?"

"ಆ ದಂಡಿಗಿರಿ."

"ನಿಮ್ಮ ಮನಿ?"

"ಈ ದಂಡಿಗಿ."

"ಮನಿ ಬದಲಿ ಮಾಡ್ರಿ."

ಮನೆ ಬದಲಿಸಲಿಲ್ಲ. ಆರನೆಯ ತಿಂಗಳಿಗೇ ಊರಿಗೆ ಬಂದುಬಿಡು ಎಂದರು; ಬರುವುದಿಲ್ಲ ಎಂದೆ. ಬದಲಿಗೆ, ಸೇತುವೆ ಬಿಟ್ಟು ದೋಣಿ ಹಿಡಿದೆ. ಅಲ್ಲಿ ಎಂಜಿನ್ ಇಲ್ಲದ ದೋಣಿಗಳಿವೆ. ಮೇಲೊಂದು ತಂತಿಗೆ ಕಟ್ಟಿರುತ್ತಾರೆ, ನೀರಿನ ಸೆಳವೇ ಅವನ್ನು ಆಚೆಗೆ ತಳ್ಳುತ್ತದೆ. ತಪಾಸಣೆಯ ದಿನ ಹಸಿರು ಸ್ವೆಟರ್ ತೊಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು, ಅದರಲ್ಲಿ ನೆಟ್ಟಗೆ ಕೂತು ದಾಟುತ್ತಿದ್ದೆ. ಅಗತ್ಯವಿತ್ತೇ? ಇರಲಿಲ್ಲ. ಟ್ರಾಮ್ ಇತ್ತು. ಒಂದು ಭಯಕ್ಕೆ ಒಮ್ಮೆ ಜಾಗ ಬಿಟ್ಟರೆ ಅದು ಹಾಸಿಗೆ ಬಿಚ್ಚಿ ಮಲಗುತ್ತದೆ ಎಂಬುದು ನಾನು ವಾರ್ಡಿನಲ್ಲಿ ಕಲಿತ ಪಾಠ.

ಇಷ್ಟಕ್ಕೇ ನಿಂತೆನೇ? ವೆನಿಸ್‌ಗೆ ಟಿಕೆಟ್ ತೆಗೆಸಿದೆ. ಅದೇ ಹೊತ್ತಿಗೆ ನಮ್ಮವರ ಪರಿಚಯದವರೊಬ್ಬರ ಕೈಯಲ್ಲಿ ಅತ್ತೆ ಕಳಿಸಿದ ಗಂಟು ಬಂತು. ಏಳನೆಯ ತಿಂಗಳಿನ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಹಸಿರು ಸೀರೆ, ಖಣ, ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಡಬ್ಬಿಯ ತುಂಬ ಅಗಸಿ ಹಿಂಡಿ ಎಂಬ ಚಟ್ನಿಪುಡಿ. ಮನೆಯಲ್ಲಿ ಕೂತು ಉಡಿ ತುಂಬಿಸಿಕೊಂಡು ಉಣ್ಣಬೇಕೆಂದು ಆಜ್ಞೆ. ಆ ರವಿವಾರ ನಾನೇ ವಿಷಯ ತೆಗೆದೆ.

"ಅತ್ತಿ, ನಾವು ಇಟಲಿಗೆ ಹೊಂಟೀವಿ."

"ದಾರಿಯಾಗ ಎಷ್ಟು ಹೊಳಿ ಬರ್ತಾವ?"

"ಹೊಳಿ ಬಿಡ್ರಿ, ಆ ಊರ ತುಂಬ ನೀರೇ ಅದ. ಓಣಿ ಅಂದ್ರ ನೀರು."

ಅಂಗಡಿಯಲ್ಲಿ ಯಾರೋ ತಕ್ಕಡಿ ಇಟ್ಟ ಸದ್ದು ಕೇಳಿತು.

"ನಿನಗ ಬ್ಯಾರೆ ಊರು ಸಿಗಲಿಲ್ಲೇನ?"

"ಸಿಕ್ಕಿದ್ವು. ಇದನ್ನ ಆರಿಸೀನಿ."

ನಮ್ಮವರು ನನ್ನ ಮೊಣಕೈ ಹಿಡಿದು ಸಾಕು ಎಂದು ಸನ್ನೆ ಮಾಡುತ್ತಿದ್ದರು. ಅತ್ತೆ, "ಆಯ್ತು. ನೀ ದಾಟು. ಇಲ್ಲಿಂದು ನಾ ನೋಡ್ಕೋತೀನಿ" ಎಂದರು. ಅಪ್ಪಣೆ ಸಿಕ್ಕಿತೆಂದು ತಿಳಿದು ಗೆದ್ದವಳಂತೆ ಫೋನ್ ಇಟ್ಟೆ. ಹಸಿರು ಸೀರೆಯುಟ್ಟು, ಕೆಳಗೆ ಬೂಟು ಹಾಕಿ, ವೆನಿಸ್‌ನ ಒಂದು ಕಾಲುವೆಯ ಮೆಟ್ಟಿಲ ಮೇಲೆ ಕೂತು, ಅಗಸಿ ಹಿಂಡಿಗೆ ಎಣ್ಣೆ ಕಲಸಿಕೊಂಡು ರೊಟ್ಟಿ ಮುರಿದು ತಿಂದೆ. ಅಂಥ ರುಚಿ ಮತ್ತೆ ಬಂದಿಲ್ಲ. ಉಡಿ ತುಂಬಲು ಮುತ್ತೈದೆಯರಿರಲಿಲ್ಲ. ನಮ್ಮವರೇ ಒಂದು ಕಿತ್ತಳೆ ತಂದು ಮಡಿಲಲ್ಲಿ ಹಾಕಿ, ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದರು.

ಮಗಳು ಬಾಸೆಲ್‌ನಲ್ಲಿ ಹುಟ್ಟಿದಳು, ಸುಸೂತ್ರವಾಗಿ, ಆ ದಂಡೆಯ ದವಾಖಾನೆಯಲ್ಲಿ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬೀದರ ಬಸ್ ನಿಲ್ದಾಣದಲ್ಲಿ ಇಳಿದಾಗ ನನ್ನ ತವರಿನವರೆಲ್ಲ ಬಂದಿದ್ದರು. ಅತ್ತೆ ಇರಲಿಲ್ಲ. ಜೀಪು ತಂದಿದ್ದ ನಮ್ಮ ಭಾವನವರನ್ನು ಕೇಳಿದೆ.

"ಅವ್ವ ಸೇತುವಿ ಹಂತ್ಯಾಕ ಅದಾಳ" ಎಂದರು ಅಷ್ಟೇ.

ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ಮಾಂಜ್ರಾ ಸೇತುವೆಯ ಔರಾದಿನ ಬದಿಯ ತುದಿಯಲ್ಲಿ, ಬಿಸಿಲಲ್ಲಿ, ಸೆರಗು ಹೊದ್ದು ನಿಂತಿದ್ದರು. ಜೀಪು ಪೂರ್ತಿ ದಾಟಿ ನಿಂತ ಮೇಲೆಯೇ ಹತ್ತಿರ ಬಂದರು. ಕೂಸಿಗೆ ರೊಟ್ಟಿಯ ತುಣುಕು ನಿವಾಳಿಸಿ ಹೊಳೆಗೆ ಎಸೆದರು. ಆಮೇಲೆ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು, ಸೇತುವೆಯ ನಡುಮಧ್ಯದವರೆಗೂ ನಡೆದು ಹೋಗಿ, ನೀರನ್ನು ನೋಡುತ್ತ ನಿಂತರು.

"ಆರನೇ ತಿಂಗಳಿಗೆ ನೀ ಬರಂಗಿಲ್ಲ ಅಂದ್ಯಲ್ಲ, ಅವತ್ತಿಂದ ಅವ್ವ ಈ ಹೊಳಿ ದಾಟಿಲ್ಲ" ಎಂದರು ಭಾವ. "ಕೂಸು ದಾಟಿ ಬರೂತನಕ ನಾ ದಾಟಂಗಿಲ್ಲ ಅಂತ ಕೂತಳು. ಚಿಂಚೋಳಿಯಾಗ ಮಾವನ ಮಗಳ ಲಗ್ನಕ್ಕೂ ಹೋಗಲಿಲ್ಲ."

ಅತ್ತೆಯ ಅಣ್ಣನ ಒಬ್ಬಳೇ ಮಗಳ ಮದುವೆ. ಸೋದರತ್ತೆ ಇಲ್ಲದೆ ನಡೆದಿತ್ತು. ಆ ಅಣ್ಣ ಆಮೇಲೆ ವರ್ಷಗಟ್ಟಲೆ ತಂಗಿಯೊಡನೆ ಮಾತಾಡಲಿಲ್ಲ.

ಇಲ್ಲಿ ನನಗೆ ಅಳು ಬಂತೆಂದು ಬರೆದರೆ ನಿಮಗೆ ಹಿತವೆನಿಸೀತು. ಅಳಲಿಲ್ಲ. ಸಿಟ್ಟು ನೆತ್ತಿಗೇರಿತು. ಸೇತುವೆಯ ಮೇಲೆಯೇ ಕೇಳಿದೆ: "ಯಾರು ಹೇಳಿದ್ರು ನಿಮಗ ಇದನ್ನ ಮಾಡ್ಲಿಕ್ಕ?"

"ನಿನಗ ದಾಟು ಅಂತ ಯಾರು ಹೇಳಿದ್ರು?" ಅತ್ತೆ ಕೂಸಿನ ಮುಖದಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಹಟ ನಿನಗ, ನನ್ನ ಹಟ ನನಗ. ಕೂಸು ಬಂತಿಲ್ಲ?"

"ನೀವು ಕೂತದ್ದಕ್ಕ ಬರಲಿಲ್ಲರಿ ಅದು."

"ಇರಬಹುದವಾ."

ಇಂದಿಗೂ ಹೇಳುತ್ತೇನೆ, ನಾನು ದಾಟಿದ್ದು ಸರಿ. ಹೊಳೆಗೂ ಬಸಿರಿಗೂ ಸಂಬಂಧವಿಲ್ಲ. ಅತ್ತೆ ಹೋಗಿ ಎಷ್ಟೋ ವರ್ಷಗಳಾದವು. ಈ ವಾದದಲ್ಲಿ ಅವರು ಇದ್ದಾಗಲೂ ನಾನು ಸೋತಿರಲಿಲ್ಲ.

ಕಪ್ಪಾದ ಅಗಸಿಯನ್ನು ಚೆಲ್ಲಿ, ಬಾಣಲೆ ತೊಳೆದು, ಹೊಸದಾಗಿ ಹುರಿಯಲು ಇಟ್ಟೆ. ಲಿಯೋನಿನಲ್ಲಿ ಒಂದಲ್ಲ, ಎರಡು ನದಿಗಳು. ಮಗಳು ಕೆಲಸಕ್ಕೆ ಹೋಗುವಾಗ ಎರಡನ್ನೂ ದಾಟುತ್ತಾಳೆ. ದಾಟಲಿ. ಅಷ್ಟರಲ್ಲಿ ಫೋನ್ ಮತ್ತೆ ರಿಂಗಣಿಸಿತು. ಒಲೆ ಆರಿಸಿ ಎತ್ತಿದೆ. ಔರಾದಿನಿಂದ ಭಾವನವರ ಮಗ. ಮುಂದಿನ ವಾರ ಅವನ ಹೊಸ ಮನೆಯ ವಾಸ್ತುಶಾಂತಿ, ಮನೆತನಕ್ಕೆ ಈಗ ಹಿರಿಯಳು ನಾನೇ.

"ಕಾಕು, ಗಾಡಿ ಎಷ್ಟೊತ್ತಿಗಿ ಕಳಸ್ಲಿ?"

"ಕಳಸಬ್ಯಾಡ. ನಾ ಬರಂಗಿಲ್ಲ. ನಿಮ್ಮ ಕಾಕಾನ್ನ ಕಳಸ್ತೀನಿ."

"ಯಾಕ್ರಿ? ಆರಾಮ ಇಲ್ಲೇನು?"

"ಆರಾಮ ಅದೀನಿ. ನಿಮ್ಮ ಅಕ್ಕಂದು ಹೆರಿಗಿ ಆಗೂತನಕ ಹೊಳಿ ದಾಟಂಗಿಲ್ಲ."

ಅವನು ಜೋರಾಗಿ ನಕ್ಕ. "ನೀವು? ನರ್ಸ್ ಆಗಿದ್ದವ್ರು? ನೀವೂ ಇದನ್ನ ನಂಬ್ತೀರೇನ್ರಿ ಕಾಕು?"

"ನಂಬಂಗಿಲ್ಲ" ಎಂದೆ. "ದಾಟಂಗೂ ಇಲ್ಲ."